ತಮ್ಮಯ್ಯನ ತಲೆಯ ಸುತ್ತಳತೆ

ಪುಟ್ಟಸ್ವಾಮಿ ಟೇಪು ಹಿಡಿದು ಹುಡುಗರ ತಲೆ ಅಳೆಯುತ್ತಾ ಬಂದವನು ಕೊನೆಯ ಬೆಂಚಿನ ಹತ್ತಿರ ನಿಂತುಬಿಟ್ಟ. ಅಲ್ಲಿ ಕೂತಿದ್ದವನು ತಮ್ಮಯ್ಯ. ಮೂಡಿಗೆರೆ ಕಡೆಯ ಕಾಫಿ ಎಸ್ಟೇಟಿನ ಕೂಲಿ ಲೈನಿನ ಸಾಲುಮನೆಯಲ್ಲಿ ಹುಟ್ಟಿ, ತನ್ನ ಕೇರಿಯಿಂದ ಕಾಲೇಜಿಗೆ ಬಂದ ಮೊದಲನೆಯವನು.

"ಸರ್, ಇವನನ್ನ ಮುಟ್ಟಿದ್ರೆ ಮನೇಲಿ..."

ಅದು ೧೯೪೬. ಚಿಕ್ಕಮಗಳೂರಿನ ಕಾಲೇಜೊಂದರಲ್ಲಿ ವೆಂಕಟರಾಮಯ್ಯ ಮೇಷ್ಟ್ರು 'ಜನಾಂಗ, ಬುದ್ಧಿ, ವಿದ್ಯೆ' ಅಂತ ಸೆಮಿನಾರ್ ಇಟ್ಟಿದ್ದರು. ಕೆಲವು ಕುಲದವರಿಗೆ ಹುಟ್ಟಿನಿಂದಲೇ ತಲೆ ಚಿಕ್ಕದು, ಅವರಿಗೆ ಓದು ಹತ್ತುವುದಿಲ್ಲ ಎಂದು ಯಾವನೋ ಬಿಳಿಯ ಪಂಡಿತ ಬರೆದಿದ್ದನಂತೆ. ಅದನ್ನೇ ಪರೀಕ್ಷೆ ಮಾಡುತ್ತಿದ್ದರು.

"ಬಿಡು, ಅಂದಾಜಿಗೆ ಬರ್ಕೋ. ಚಿಕ್ಕದು ಅಂತ ಹಾಕು" ಎಂದರು ಮೇಷ್ಟ್ರು.

ತಮ್ಮಯ್ಯ ತಲೆ ತಗ್ಗಿಸಿದ.

ಹುಡುಗಿಯರ ಬೆಂಚಿನಲ್ಲಿ ಬಳೆ ಸದ್ದಾಯಿತು. ಎದ್ದವಳು ತ್ರಿಪುರಸುಂದರಿ, ಅರ್ಚಕರ ಮಗಳು. ಅವಳೂ ತಮ್ಮಯ್ಯನೂ ಒಂದು ಮಾತೂ ಆಡಿದವರಲ್ಲ. ಲೈಬ್ರರಿಯಲ್ಲಿ ಅವನು ಓದುತ್ತಿದ್ದರೆ ಅವಳು ಪುಟ ತಿರುಗಿಸುವುದನ್ನೇ ಮರೆಯುತ್ತಿದ್ದಳು. ಅವನು ಕಣ್ಣೆತ್ತಿದರೆ ಥಟ್ಟನೆ ಕಿಟಕಿ ನೋಡುತ್ತಿದ್ದಳು. ಅಷ್ಟೇ.

"ಅಂದಾಜಿಗೆಲ್ಲ ವಿಜ್ಞಾನ ಅಂತಾರಾ, ಸರ್?" ಎನ್ನುತ್ತಾ ಬಂದು ಪುಟ್ಟಸ್ವಾಮಿಯ ಕೈಯಿಂದ ಟೇಪು ತಗೊಂಡಳು.

ಕ್ಲಾಸಿಗೆ ಕ್ಲಾಸೇ ಉಸಿರು ಬಿಗಿಹಿಡಿಯಿತು. ಅವಳ ಬೆರಳು ಹಣೆಗೆ ತಾಗಿದಾಗ ತಮ್ಮಯ್ಯ ಕಣ್ಣು ಮುಚ್ಚಿಕೊಂಡ. ಗುಡ್ಡದ ನೆತ್ತಿಯಲ್ಲಿ ನಿಂತಾಗ ಮಂಜು ಸರಿದು, ಇದ್ದಕ್ಕಿದ್ದಂತೆ ಕಣಿವೆಯೆಲ್ಲ ಕಾಣಿಸಿದರೆ ಮಾತು ನಿಂತುಹೋಗುತ್ತದಲ್ಲ, ಹಾಗಾಯಿತು ಅವನಿಗೆ.

"ಇಪ್ಪತ್ತೆರಡು ಇಂಚು. ಪುಟ್ಟಸ್ವಾಮೀದೂ ಇಷ್ಟೇ. ಟೋಪಿ ಹೊಲಿಸೋಕೆ ಈ ಅಳತೆ ಸಾಕು ಸರ್, ಬುದ್ಧಿಗೆ ಸಾಲದು."

ಯಾರೋ ಕಿಸಕ್ಕನೆ ನಕ್ಕರು. ಮೇಷ್ಟ್ರು ಪುಸ್ತಕ ಮುಚ್ಚಿದರು.

ಆಮೇಲೆ ಒಂದು ವಾರ ಅವಳು ಬರಲಿಲ್ಲ. ತಮ್ಮಯ್ಯನಿಗೆ ಅನ್ನ ಸೇರಲಿಲ್ಲ. ಅವಳು ಬಂದ ದಿನ ಸಂಜೆ ಗೇಟಿನ ಹತ್ತಿರ ಕಾದ.

"ಏನಾಯ್ತು?"

"ಸುದ್ದಿ ಮನೆಗೆ ಮುಟ್ಟಿತು. ಸ್ನಾನ ಮಾಡಿ ಒಳಗೆ ಬಾ ಅಂದ್ರು ಅಪ್ಪ. ಆಗಲ್ಲ ಅಂದೆ. ಈಗ ಭಾಗೀರಥಿ ಅತ್ತೆ ಮನೇಲಿದೀನಿ. ಅವರು ಸ್ಕೂಲ್ ಟೀಚರ್, ಇದನ್ನೆಲ್ಲ ಕೇಳೋಲ್ಲ."

"ಒಂದು ಚೊಂಬು ನೀರು ಹಾಕ್ಕೊಂಡಿದ್ರೆ ಮುಗೀತಿತ್ತಲ್ಲ..."

"ಹಾಕ್ಕೊಂಡಿದ್ರೆ ನಿಮ್ಮನ್ನ ಮುಟ್ಟಿದ್ದು ತಪ್ಪು ಅಂತ ಒಪ್ಪಿದ ಹಾಗೆ." ಅವಳು ಸೆರಗಿನ ತುದಿ ಬೆರಳಿಗೆ ಸುತ್ತಿದಳು. "ನನಗೆ ತಪ್ಪು ಅನ್ನಿಸಲಿಲ್ಲ. ಇಷ್ಟ ಆಯ್ತು."

ಇಷ್ಟು ದೊಡ್ಡದು ತನಗೆ ಸಿಕ್ಕಬಹುದೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ.

"ಏನಾದ್ರೂ ಹೇಳಿ ಮಾರಾಯ್ರೇ" ಎಂದಳು, ಕಣ್ಣಲ್ಲೇ ನಗುತ್ತಾ.

"ನನಗೂ... ತುಂಬ ದಿನದಿಂದ" ಎಂದ.

ಇಬ್ಬರೂ ಪೇಟೆಯ ಕಡೆ ಇಳಿದರು. ಅಂಗಡಿಗಳು ಕಂಡದ್ದೇ ತಮ್ಮಯ್ಯ, ರೂಢಿಯಂತೆ, ನಾಲ್ಕು ಹೆಜ್ಜೆ ಹಿಂದುಳಿದ. ತ್ರಿಪುರಸುಂದರಿ ನಿಂತಳು. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಾಫಿ ಬೀಜ ಆರಿಸುವ ಕೆಲಸ ಮುಗಿಸಿ ಮನೆಗೆ ಹೊರಟಿದ್ದ ಹೆಂಗಸರೆಲ್ಲ ನೋಡುತ್ತಿದ್ದರು.

ಅವನು ಪಕ್ಕಕ್ಕೆ ಬರುವವರೆಗೂ ಅವಳು ಕದಲಲಿಲ್ಲ.