ಔಷಧಿ ನೀರಿನಲ್ಲಿ ಉಬ್ಬಿದ ಅಚ್ಚು

"ಈ ಹಲ್ಲಿನ ಅಚ್ಚನ್ನ ತೊಳೆದು ಕಳಿಸಿದ್ದು ಯಾರು?"

ಕ್ಲಿನಿಕ್ಕಿನ ಬಾಗಿಲಲ್ಲಿ ನಿಂತವನ ದನಿಗೆ ಡಾಕ್ಟರ ಸಹಾಯಕಿ ಹುಡುಗಿ ತಿರುಗಿ ನೋಡಿದಳು. ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನವನು! ಫೋನಿನಲ್ಲಿ ದಿನವೂ ಕೇಳುವ ದನಿಗೆ ಇಂದು ಮೊದಲ ಬಾರಿ ಮುಖ ಸಿಕ್ಕಿತ್ತು. ಆದರೆ ಎಂಥ ಸಿಟ್ಟು ಆ ಮುಖದಲ್ಲಿ!

"ನಾನೇ..."

"ಒಳಗೆ ಕೂತಿರೋ ಅಜ್ಜಿಗೆ ಸೆಟ್ಟು ಈ ಸಲವೂ ಕೂರ್ತಿಲ್ಲ! ಕ್ರಿಮಿ ಕೊಲ್ಲೋ ಔಷಧಿ ನೀರಲ್ಲಿ ಹಾಕಿ ಮರೆತೇಬಿಡ್ತೀರಾ? ಅಚ್ಚು ನೀರು ಕುಡಿದು ಉಬ್ಬುತ್ತೆ, ಅಳತೆ ಕೆಡುತ್ತೆ. ಇನ್ನೊಂದು ಸಲ ಹೀಗಾದ್ರೆ ನಿಮ್ಮ ಕ್ಲಿನಿಕ್ ಸಹವಾಸವೇ ಬೇಡ ನಂಗೆ."

ಮರೆವಂತೆ! ಎಲ್ಲರೂ 'ಶುದ್ಧಮ್ಮ' ಎಂದು ಆಡಿಕೊಳ್ಳುವ ಹುಡುಗಿಗೆ ಮರೆವು!

ಅಚ್ಚು ಹೊರತೆಗೆಯಲು ಕೈ ಹಾಕಿದಾಗಲೆಲ್ಲ ಬೆನ್ನ ಹಿಂದೆ ತೀರಿಹೋದ ಅಪ್ಪನ ದನಿ. 'ಇನ್ನೂ ಸ್ವಲ್ಪ ಹೊತ್ತು ಬಿಡು ಮಗಳೇ...' ತಿರುಗಿದರೆ ಯಾರೂ ಇಲ್ಲ. ಕಪಾಟಿನ ತುಂಬ ಪ್ಲಾಸ್ಟರ್ ಹಲ್ಲುಗಳು ಕಿಸಿದುಕೊಂಡು ಅವಳನ್ನೇ ನೋಡುತ್ತಿದ್ದವು.

ಈಗ ಹೇಳದಿದ್ದರೆ ಫೋನಿನ ಈ ದನಿಯೂ ಹೋಗಿಬಿಡುತ್ತದೆ ಎನಿಸಿತು.

"ಮರೆತಿದ್ದಲ್ಲ. ನಮ್ಮಪ್ಪನೂ ಲ್ಯಾಬಲ್ಲೇ ಇದ್ರು. ರಕ್ತ ಅಂಟಿದ ಅಚ್ಚುಗಳು ಹಾಗೇ ಬರ್ತಿದ್ವು. ಬರಿಗೈಲಿ ಮುಟ್ಟಿ ಮುಟ್ಟಿ ಕಾಮಾಲೆ ಅಂಟ್ಕೊಳ್ತು. ಕೊನೆಗೆ ಅವರ ಹಳದಿ ಕಣ್ಣು ನೋಡೋಕಾಗ್ತಿರ್ಲಿಲ್ಲ. ಈಗ ಪ್ರತಿ ಅಚ್ಚು ನೋಡಿದ್ರೂ... ಇದನ್ನ ಮುಟ್ಟೋದು ನೀವು ಅಂತ ನೆನಪಾಗುತ್ತೆ!"

ಅವನ ಸಿಟ್ಟು ಜರ್ರನೆ ಇಳಿಯಿತು.

"ನಾನು ಲಸಿಕೆ ಹಾಕಿಸ್ಕೊಂಡಿದ್ದೀನಿ ಕಣ್ರೀ. ಗ್ಲೌಸ್ ಇಲ್ಲದೆ ಮುಟ್ಟೋದೂ ಇಲ್ಲ. ಹತ್ತು ನಿಮಿಷ ನೆನೆದ್ರೆ ಈ ಔಷಧಿಗೆ ಯಾವ ಕ್ರಿಮಿಯೂ ಉಳಿಯಲ್ಲ. ಬನ್ನಿ, ಜೊತೇಲೇ ಮಾಡೋಣ."

ಅಜ್ಜಿಯ ಬಾಯಿಂದ ಡಾಕ್ಟರು ಆಗಷ್ಟೇ ತೆಗೆದುಕೊಟ್ಟ ಹೊಸ ಅಚ್ಚನ್ನು ನಲ್ಲಿ ನೀರಿನಲ್ಲಿ ತೊಳೆದು, ಔಷಧಿಯಲ್ಲಿ ಮುಳುಗಿಸಿದಳು. ಇಬ್ಬರೂ ಗಡಿಯಾರ ನೋಡುತ್ತ ನಿಂತರು.

"ಹೊತ್ತಾಯ್ತು," ಎಂದ ಅವನು.

ಅವಳ ಕೈ ನೀರಿನ ಮೇಲೇ ನಿಂತಿತು. ಬೆನ್ನ ಹಿಂದೆ ಮತ್ತೆ... 'ಇನ್ನೂ ಸ್ವಲ್ಪ ಹೊತ್ತು...'

ಕತ್ತಿನ ಮೇಲೆ ತಣ್ಣನೆಯ ಉಸಿರು ಸೋಕಿದಂತಾಯಿತು. ಅವನು ಅವಸರ ಮಾಡಲಿಲ್ಲ, ಪಕ್ಕದಲ್ಲೇ ಇದ್ದ.

"ಸಾಕು ಅಪ್ಪಾ!" ಎಂದವಳೇ ಅಚ್ಚನ್ನು ಎತ್ತಿ ತೊಳೆದು, ಒದ್ದೆ ಬಟ್ಟೆಯಲ್ಲಿ ಸುತ್ತಿ ಅವನ ಕೈಗಿಟ್ಟಳು. ಕಣ್ಣೀರು ಧಾರೆಯಾಗಿ ಹರಿಯುತ್ತಿತ್ತು. "ಇನ್ನೂ ಸ್ವಲ್ಪ ಹೊತ್ತು ಬಿಡು ಅಂತ ಅಪ್ಪನ ದನಿ ಕೇಳಿಸ್ತಿರುತ್ತೆ," ಎಂದಳು.

"ಅಪ್ಪನ ಹತ್ರ ನನ್ನ ಬಗ್ಗೆ ಹೇಳಿದ್ರಾ?" ಎಂದು ಕೇಳಿದ ಅವನು.

"ಏನಂತ ಹೇಳ್ಲಿ?"

"ನಿಮ್ಮ ಮಗಳ ಫೋನಿಗೆ ದಿನಾ ಕಾಯೋನು ಒಬ್ಬ ಇದ್ದಾನೆ, ಅವಳಿಲ್ಲದೆ ಅವನಿಗಾಗಲ್ಲ ಅಂತ."

ಅವಳು ಕಣ್ಣು ಮುಚ್ಚಿದಳು. ಬೆನ್ನ ಹಿಂದಿನ ದನಿಗಾಗಿ ಕಿವಿಗೊಟ್ಟಳು.

"ಏನಂದ್ರು?" ಎಂದ ಅವನು.

"ಸುಮ್ಮನಿದ್ದಾರೆ... ಮೊದಲನೇ ಸಲ."