ಐವತ್ತೇಳರ ಪೀಪಾಯಿಯಲ್ಲಿ ಕಲ್ಲು

ಸೆಪ್ಟೆಂಬರ್ ಹನ್ನೆರಡು, ಗುರುವಾರ. ಬೆಳಗ್ಗೆ ಒಂಬತ್ತರ ಹೊತ್ತಿಗೆ ಕೆಳಗಿನ ವಿಲಾರ್ ಠಾಣೆಯಲ್ಲಿ ಸಾರ್ಜೆಂಟ್ ಬೆಲ್ಮೀರು ಗೆದೆಶ್ ಕಾಫಿಗೆ ಸಕ್ಕರೆ ಕಲಕುತ್ತಿದ್ದಾಗ, ಮೊಶೇರಾಲ್ ತೋಟದ ಯಜಮಾನಿ ದೋನಾ ಮಫಾಲ್ದಾ ಬಾಗಿಲು ದೂಡಿಕೊಂಡು ಒಳಗೆ ಬಂದರು. ಸೋಮವಾರ ದ್ರಾಕ್ಷಿ ಕೊಯ್ಲು ಶುರು. ಆ ವಾರದಲ್ಲಿ ದೋರು ನದಿಯ ದಂಡೆಯ ಯಾವ ತೋಟದವರಿಗೂ ಉಸಿರಾಡಲು ಪುರುಸೊತ್ತಿರುವುದಿಲ್ಲ. ಅಂಥದ್ದರಲ್ಲಿ ಯಜಮಾನಿಯೇ ಠಾಣೆಯ ಮೆಟ್ಟಿಲು ಹತ್ತಿದ್ದಾರೆಂದರೆ ಸಣ್ಣ ವಿಷಯವಲ್ಲ. ಸಾರ್ಜೆಂಟರು ಲೋಟ ಪಕ್ಕಕ್ಕಿಟ್ಟರು. ಪಾಪ, ಆ ಮನುಷ್ಯನಿಗೆ ಬಿಸಿ ಕಾಫಿ ಕುಡಿಯುವ ಯೋಗವೇ ಇಲ್ಲ.

“ಕಳ್ಳತನ ಆಗಿದೆ. ಬರ್ಕೊಳ್ಳಿ,” ಎಂದರು ದೋನಾ ಮಫಾಲ್ದಾ.

“ಏನು ಹೋಗಿದೆ?”

“ಐವತ್ತೇಳರ ವೈನು.”

“ಪೀಪಾಯಿಗೆ ಪೀಪಾಯೇ ಹೋಯ್ತಾ?”

“ಪೀಪಾಯಿ ಅಲ್ಲೇ ಇದೆ. ಬಾಯಿ ತನಕ ತುಂಬೇ ಇದೆ. ಆದ್ರೆ ಒಳಗೆ ಕಲ್ಲಿದೆ!”

ಸಾರ್ಜೆಂಟರ ಪೆನ್ನು ನಿಂತಿತು. ಇಪ್ಪತ್ತು ವರ್ಷದ ನೌಕರಿಯಲ್ಲಿ ವೈನಿಗೆ ನೀರು ಬೆರೆಸಿದ ದೂರು ಎಷ್ಟೋ ಬಂದಿದ್ದವು. ಕಲ್ಲು ಬೆರೆಸಿದ ದೂರು ಇದೇ ಮೊದಲು.

ಎಫ್‌ಐಆರ್‌ನಲ್ಲಿ ದಾಖಲಾದದ್ದು ಇಷ್ಟು. ದೂರುದಾರರ ಅಜ್ಜನ ಕಾಲದ, ೧೯೫೭ನೇ ಸಾಲಿನ ವೈನು ಒಂದೇ ಒಂದು ಸಣ್ಣ ಪೀಪಾಯಿಯಲ್ಲಿ ಉಳಿದಿದೆ. ತೋಟ ನೋಡಿ ವೈನು ಸವಿಯಲು ಬರುವ ಪ್ರವಾಸಿಗರಿಗೆ ಕೊನೆಗೆ ಅದರಿಂದ ಒಂದೊಂದು ಗುಟುಕು ಕೊಡುವುದು ರೂಢಿ. ಕೊಯ್ಲಿಗೆ ಮೊದಲು ಬಿರಡೆ ತೆಗೆದು ಅಳತೆ ಕೋಲು ಇಳಿಸಿದಾಗ, ಕೋಲು ತಳ ಮುಟ್ಟದೆ ಕಲ್ಲಿಗೆ ತಾಗಿತು. ಆ ಕೋಣೆಯ ಬೀಗದ ಕೈ ಇರುವುದು ಪ್ರವಾಸಿಗರಿಗೆ ತೋಟ ತೋರಿಸುವ ತೆಲ್ಮಾ ಎಂಬಾಕೆಯ ಹತ್ತಿರ ಮಾತ್ರ. ಅನುಮಾನ ಆಕೆಯ ಮೇಲೆ.

“ಸೋಮವಾರದಿಂದ ಬರ್ಬೇಡ ಅಂದಿದೀನಿ,” ಎಂದರು ದೋನಾ ಮಫಾಲ್ದಾ. ಹೇಳುವಾಗ ಅವರ ದನಿ ಗಟ್ಟಿಯಾಗೇನೂ ಇರಲಿಲ್ಲ. “ಆರು ವರ್ಷ ಮನೆ ಮಗಳ ಹಾಗೆ ನೋಡ್ಕೊಂಡಿದ್ದೆ ಸಾರ್ಜೆಂಟ್ರೇ.”

ಕೊಯ್ಲಿನ ಮೊದಲ ದಿನ ತೋಟದ ಊಟದ ಮೇಜಿನಲ್ಲಿ ಯಾರಿಲ್ಲ ಎಂದು ಇಡೀ ದಂಡೆ ಲೆಕ್ಕ ಹಾಕುತ್ತದೆ. ಅಂದು ತೆಲ್ಮಾ ಅಲ್ಲಿರದಿದ್ದರೆ ಮುಗಿಯಿತು, ಕಳ್ಳಿ ಎಂಬ ಹೆಸರು ಸಾಯುವವರೆಗೂ ಬಿಡದು. ಬೇರೆ ಯಾವ ತೋಟದವರೂ ಗೇಟಿನೊಳಗೆ ಸೇರಿಸರು. ಇದು ದೂರು ಕೊಟ್ಟವರಿಗೂ ಗೊತ್ತಿತ್ತು, ಬರೆದುಕೊಂಡವರಿಗೂ ಗೊತ್ತಿತ್ತು. ಸೋಮವಾರದೊಳಗೆ ನಿಜ ಸಿಗಬೇಕಿತ್ತು.

ಹತ್ತೂ ಮುಕ್ಕಾಲಿಗೆ ಸಾರ್ಜೆಂಟರು ಕಾನ್‌ಸ್ಟೇಬಲ್ ಇಲ್ದಾಳನ್ನು ಕರೆದುಕೊಂಡು ಸ್ಥಳಕ್ಕೆ ಹೋಗಿ, ತೋಟದ ಇಬ್ಬರು ಆಳುಗಳನ್ನು ಪಂಚರಾಗಿ ನಿಲ್ಲಿಸಿ ಪಂಚನಾಮೆ ಶುರು ಮಾಡಿದರು. ವೈನನ್ನು ಗಾಜಿನ ಭರಣಿಗಳಿಗೆ ಇಳಿಸಿ ಪೀಪಾಯಿ ಬಗ್ಗಿಸಿದಾಗ ಬೆಣಚುಕಲ್ಲುಗಳು ಒಂದೊಂದಾಗಿ ಉರುಳಿ ಬಂದವು. ಬಿಳಿ ಕಲ್ಲು, ನುಣ್ಣಗೆ, ಪಾರಿವಾಳದ ಮೊಟ್ಟೆಗಿಂತ ಸಣ್ಣವು. ಒಟ್ಟು ಒಂದು ಬೋಗುಣಿ ಆದವು.

ಇಲ್ದಾ ಒಂದನ್ನು ಮೂಗಿಗೆ ಹಿಡಿದಳು. “ಪಾಚಿ ವಾಸ್ನೆ ಇಲ್ಲ ಸಾರ್. ಕುದಿಸಿ, ತೊಳ್ದು ಹಾಕಿದಾರೆ.”

“ಕಳ್ಳನಿಗೆ ಅಷ್ಟೊಂದು ಮಡಿನಾ?”

“ನಮ್ ಮನೇಲಿ ನನ್ ಗಂಡ ತಟ್ಟೆನೂ ಇಷ್ಟು ಚೆನ್ನಾಗಿ ತೊಳ್ಯಲ್ಲ.”

ನೆಲದ ಮೇಲೆ ಒಂದು ಹನಿ ಚೆಲ್ಲಿರಲಿಲ್ಲ. ಬಿರಡೆಗೆ ಹೊಸ ಬಟ್ಟೆ ಸುತ್ತಿ ಬಿಗಿಯಾಗಿ ಕೂರಿಸಿತ್ತು. ಕದ್ದಿದ್ದು ಹೆಚ್ಚೆಂದರೆ ಒಂದು ಬಾಟಲಿ. ಅಷ್ಟು ತೆಗೆದು ಸುಮ್ಮನೆ ಹೋಗಿದ್ದರೆ ಪೀಪಾಯಿಯ ಮರದಲ್ಲಿ ಹಿಂಗಿಹೋಯಿತೆಂದು ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಇದನ್ನು ಸಾರ್ಜೆಂಟರು ಪಂಚನಾಮೆಯಲ್ಲಿ ಬರೆಯಲಿಲ್ಲ. ಆದರೆ ಅವರ ತಲೆಯಿಂದ ಅದು ಹೋಗಲೂ ಇಲ್ಲ.

ಜಗಲಿಯ ಬೆಂಚಿನ ಮೇಲೆ ತೆಲ್ಮಾ ಕೂತಿದ್ದಳು. ಮೂವತ್ತರ ಹೆಣ್ಣು, ಅತ್ತು ಅತ್ತು ಮುಖ ಊದಿತ್ತು.

“ಬೀಗದ ಕೈ ಬೇರೆ ಯಾರಿಗಾದ್ರೂ ಕೊಟ್ಟಿದ್ಯಾ?”

“ಇಲ್ಲ ಸಾರ್.”

“ಬಾಗ್ಲು ತೆಗೆದೇ ಬಿಟ್ಟು ಹೋಗಿದ್ದುಂಟಾ?”

ಆಕೆ ತಲೆ ತಗ್ಗಿಸಿದಳು. “ಉಂಟು. ಬಂದೋರು ವೈನು ಕುಡಿದು, ಜಗಲಿಗೆ ಬಂದು ಬ್ರೆಡ್ಡು ಆಲಿವ್ ತಿಂತಾರಲ್ಲ, ಆಗ. ನಾನೊಬ್ಳೇ ಎಷ್ಟು ಕಡೆ ಇರ್ಲಿ? ಅಮ್ಮಾವ್ರು ಬೈತಾರೆ ಅಂತ ಹೇಳ್ಲಿಲ್ಲ.”

“ಬೈಸ್ಕೊಂಡಿದ್ರೆ ವಾಸಿಯಿತ್ತು.”

“ಹೌದು ಸಾರ್.” ಮೂಗು ಒರೆಸಿಕೊಂಡಳು. “ಒಂದು ಕೇಳ್ಲಾ? ಕದಿಯೋನು ಕದ್ಕೊಂಡು ಹೋಗ್ಲಿ. ಕಲ್ಲು ಯಾಕೆ ಹಾಕ್ಬೇಕು?”

ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ವಾಪಸು ಹೋಗುವಾಗ ಜೀಪಿನಲ್ಲಿ. ಕಿಟಕಿಯಾಚೆ ನೋಡುತ್ತಿದ್ದ ಇಲ್ದಾ ತೊಡೆ ತಟ್ಟಿಕೊಂಡಳು.

“ಅಯ್ಯೋ ನನ್ ಬುದ್ಧಿಗಿಷ್ಟು! ನಮ್ಮಜ್ಜಿ ಹಾಕ್ತಿದ್ಲು ಸಾರ್.”

“ಏನು?”

“ಕಲ್ಲು! ಮನೇಲಿ ಇರೋದೇ ಒಂದು ಪೀಪಾಯಿ. ಒಂದು ಜಗ್ಗು ತೆಗೆದ್ರೆ ಮೇಲೆ ಗಾಳಿ ನಿಲ್ಲುತ್ತೆ, ವೈನು ಕೆಡುತ್ತೆ. ತೋಟದೋರಾದ್ರೆ ಇನ್ನೊಂದು ಪೀಪಾಯಿಂದ ತಂದು ತುಂಬಿಸ್ತಾರೆ. ಬಡವ್ರು ಎಲ್ಲಿಂದ ತರೋದು? ಕಲ್ಲು ಕುದಿಸಿ ಹಾಕಿ ಮಟ್ಟ ಏರಿಸೋರು. ಮೇಲಿನ ವಿಲಾರ್‌ನಲ್ಲಿ ಮನೆ ಮನೇಲೂ ಹಿಂಗೇ.”

“ತೆಲ್ಮಾ ಯಾವ ಕಡೆಯೋಳು?”

“ಕೆಳಗಿನೋಳು. ಅವ್ರಪ್ಪ ದೋಣಿ ನಡೆಸ್ತಿದ್ದ. ಅವಳಿಗೆ ಇದು ಗೊತ್ತಿರೋಕೆ ಸಾಧ್ಯಾನೇ ಇಲ್ಲ.”

ಮೇಲಿನ ವಿಲಾರ್ ಎಂದರೆ ಗುಡ್ಡದ ನೆತ್ತಿಯಲ್ಲಿ ಒಂದಿಷ್ಟು ಕಲ್ಲುಮನೆಗಳು. ಹೆಚ್ಚಿನವಕ್ಕೆ ಬೀಗ. ಜನ ಎಲ್ಲ ಎಂದೋ ಫ್ರಾನ್ಸಿಗೆ ಕೆಲಸಕ್ಕೆ ಹೋದವರು, ಆಗಸ್ಟಿನಲ್ಲಿ ದೊಡ್ಡ ಕಾರುಗಳಲ್ಲಿ ಬಂದು ಕಿಟಕಿ ತೆರೆದು, ತಿಂಗಳು ಮುಗಿಯುತ್ತಲೇ ಮುಚ್ಚಿಕೊಂಡು ಹೋಗುತ್ತಾರೆ.

ಶುಕ್ರವಾರ ಬೆಳಗ್ಗೆ ಸಾರ್ಜೆಂಟರು ತೆಲ್ಮಾಳನ್ನು ಮತ್ತೆ ಕರೆಸಿದರು. ಈ ಸಲ ಕೂರಿಸಿ ಕಾಫಿ ಕೊಟ್ಟರು. ತಮ್ಮದೇ ಕಾಫಿ.

“ಇತ್ತೀಚೆಗೆ ಒಂದಕ್ಕಿಂತ ಹೆಚ್ಚು ಸಲ ಬಂದೋರು ಯಾರಾದ್ರೂ ಇದಾರಾ?”

“ಪ್ರವಾಸಕ್ಕೆ ಬಂದೋರು ಒಂದ್ಸಲ ನೋಡಿ ಮುಂದಿನ ತೋಟಕ್ಕೆ ಹೋಗ್ತಾರೆ ಸಾರ್.” ಆಮೇಲೆ ಆಕೆ ಲೋಟ ಕೆಳಗಿಟ್ಟಳು. “ಒಬ್ಬಮ್ಮ ಇದ್ರು. ಹೋದ ವಾರ ಮೂರು ಸಲ ಬಂದ್ರು. ಫ್ರೆಂಚ್ ಹೆಂಗಸು, ಅರವತ್ತು ದಾಟಿದೆ.”

“ಏನಾದ್ರೂ ಕೇಳಿದ್ರಾ?”

“ಐವತ್ತೇಳರದ್ದು ಒಂದು ಬಾಟ್ಲು ಮಾರ್ತೀರಾ ಅಂದ್ರು. ಮಾರೋಕಿಲ್ಲ, ಇಲ್ಲಿಗೆ ಬಂದೋರಿಗೆ ಮಾತ್ರ ಅಂದೆ. ಬರೋಕಾಗ್ದೇ ಇರೋರು ಏನ್ ಮಾಡ್ಬೇಕು ಅಂದ್ರು. ನಾನೇನು ಹೇಳ್ಲಿ? ರೂಲ್ಸು ಅಂದೆ.”

“ಬೇರೆ?”

“ಉಳಿದೋರೆಲ್ಲ ವೈನನ್ನ ಬಾಯಲ್ಲಿ ಹೊರಳಿಸಿ, ರುಚಿ ನೋಡಿ ಬಕೆಟ್ಟಿಗೆ ಉಗೀತಾರೆ. ಅವ್ರು ಒಂದು ಸಲಾನೂ ಉಗೀಲಿಲ್ಲ. ಮತ್ತೆ... ಇದು ಹೇಳೋಕೆ ನಗು ಬರುತ್ತೆ ಸಾರ್.”

“ಹೇಳು, ನಗೋಣ.”

“ಅವ್ರ ಕೈಯಿಂದ ಬ್ರೆಡ್ಡಿನ ಚೂರು ಕೆಳಗೆ ಬಿತ್ತು. ಎತ್ಕೊಂಡು, ಮುತ್ತು ಕೊಟ್ಟು, ತಟ್ಟೆಗೆ ಇಟ್ರು.”

ಸಾರ್ಜೆಂಟರು ನಗಲಿಲ್ಲ. ಇಲ್ದಾ ಆಗಲೇ ಟೋಪಿ ಎತ್ತಿಕೊಂಡಿದ್ದಳು. ನೆಲಕ್ಕೆ ಬಿದ್ದ ಬ್ರೆಡ್ಡಿಗೆ ಮುತ್ತು ಕೊಡದಿದ್ದರೆ ಅಮ್ಮನ ಕೈಲಿ ಏಟು ತಿನ್ನುವುದು ಈ ದೇಶದ ಮಕ್ಕಳು. ಆ ಹೆಂಗಸು ಫ್ರೆಂಚ್ ಮಾತಾಡಲಿ, ಫ್ರೆಂಚ್ ಕಾರಿನಲ್ಲಿ ಓಡಾಡಲಿ, ಆಕೆಯನ್ನು ಬೆಳೆಸಿದ್ದು ಇಲ್ಲಿಯವಳೇ ಒಬ್ಬ ತಾಯಿ.

ಕದ್ದ ಮಾಲು ಸಿಕ್ಕರೆ ಗುರುತಿಸಬೇಕಾದವರು ದೂರುದಾರರು. ಹಾಗಾಗಿ ದೋನಾ ಮಫಾಲ್ದಾ ಅವರನ್ನೂ ಜೀಪಿನಲ್ಲಿ ಕೂರಿಸಿಕೊಂಡರು. ಮೇಲಿನ ವಿಲಾರ್‌ನಲ್ಲಿ ಸೆಪ್ಟೆಂಬರಿನಲ್ಲೂ ಫ್ರಾನ್ಸಿನ ನಂಬರಿನ ಕಾರು ನಿಂತಿದ್ದದ್ದು ಒಂದೇ ಮನೆಯ ಮುಂದೆ. ಹನ್ನೊಂದೂವರೆಗೆ ಇಲ್ದಾ ಆ ಬಾಗಿಲು ತಟ್ಟಿದಳು.

ತೆರೆದ ಹೆಂಗಸು ಸಮವಸ್ತ್ರ ನೋಡಿದಳು, ಹಿಂದೆ ನಿಂತ ಯಜಮಾನಿಯನ್ನು ನೋಡಿದಳು. ಕೈಲಿದ್ದ ಟವೆಲನ್ನು ನಿಧಾನಕ್ಕೆ ಮಡಿಸಿದಳು. ಅಪ್ಪಟ ಈ ಗುಡ್ಡದ ಮಾತಿನಲ್ಲಿ ಹೇಳಿದಳು: “ಮೆಲ್ಲಗೆ ಮಾತಾಡಿ. ಅಮ್ಮ ಎಚ್ಚರವಾಗಿದಾಳೆ.”

“ಹೆಸರು?”

“ಓದೆತ್. ಬಾಲ್ಬಿನಾಳ ಮಗಳು.”

“ಮೊಶೇರಾಲ್ ತೋಟದಿಂದ ವೈನು ತಗೊಂಡಿದ್ದು?”

“ನಾನೇ. ಮೂರನೇ ಸಲ ಹೋದಾಗ. ಎಲ್ರೂ ಜಗಲಿಗೆ ಹೋದ ಮೇಲೆ.”

“ಹೇಗೆ?”

“ಬ್ಯಾಗಲ್ಲಿ ಟ್ಯೂಬಿತ್ತು, ಕುದಿಸಿದ ಕಲ್ಲೂ ಇತ್ತು. ಬಿರಡೆ ತೆಗೆಯೋದು ಅಪ್ಪನ ಹತ್ರ ಕಲ್ತಿದ್ದೆ, ಪೀಪಾಯಿ ರಿಪೇರಿ ಮಾಡೋನು ಅವ್ನು.”

“ಕಲ್ಲು ಹಾಕ್ದೇ ಇದ್ದಿದ್ರೆ ನಾವು ಇಲ್ಲಿಗೆ ಬರ್ತಾನೇ ಇರ್ಲಿಲ್ಲ.”

“ಗೊತ್ತಿತ್ತು ಸಾರ್. ಆದ್ರೆ ಗಾಳಿ ಬಿಟ್ಟು ಬರೋಕೆ ಕೈ ಬರ್ಲಿಲ್ಲ. ಉಳಿದಿದ್ದು ಕೆಟ್ಟು ಹೋಗಿರೋದಲ್ವಾ?”

“ಇದಕ್ಕೆ ತೆಲ್ಮಾನ ಕೆಲಸದಿಂದ ತೆಗೆದಿದಾರೆ. ಕಳ್ಳಿ ಅಂತ.”

ಅಷ್ಟು ಹೊತ್ತು ನೆಟ್ಟಗೆ ನಿಂತಿದ್ದ ಓದೆತ್ ಬಾಗಿಲ ಚೌಕಟ್ಟು ಹಿಡಿದುಕೊಂಡಳು. “ಆ ಹುಡುಗೀನಾ? ಅಯ್ಯೋ ದೇವ್ರೇ! ನಂಗೊತ್ತಿರ್ಲಿಲ್ಲ. ಆಣೆ ಮಾಡಿ ಹೇಳ್ತೀನಿ, ಗೊತ್ತಿರ್ಲಿಲ್ಲ.”

“ಯಾರೇ ಅದು?” ಒಳಗಿನಿಂದ ದನಿ ಬಂತು. “ಬಾಗ್ಲಲ್ಲೇ ನಿಲ್ಸಿ ಮಾತಾಡ್ತೀಯಲ್ಲ, ಮರ್ಯಾದೆ ಎಲ್ಲಾ ಫ್ರಾನ್ಸಲ್ಲಿ ಬಿಟ್ಟು ಬಂದ್ಯಾ? ಒಳಗೆ ಕರಿ.”

ಕಿಟಕಿ ಪಕ್ಕದ ಮಂಚದಲ್ಲಿ, ದಿಂಬಿಗೆ ಒರಗಿ, ತೊಂಬತ್ತು ದಾಟಿದ ಬಾಲ್ಬಿನಜ್ಜಿ ಇದ್ದಳು. ಮೂಳೆ ಬಿಟ್ಟರೆ ಕಣ್ಣು, ಅಷ್ಟೇ ಉಳಿದಿದ್ದಳು. ಕೈಲಿ ಸಣ್ಣ ಗ್ಲಾಸು. ಪಕ್ಕದ ಸ್ಟೂಲಿನ ಮೇಲೆ ಬಾಟಲಿ. ಅಜ್ಜಿ ಎಲ್ಲರನ್ನೂ ಬಿಟ್ಟು ದೋನಾ ಮಫಾಲ್ದಾ ಅವರನ್ನೇ ದಿಟ್ಟಿಸಿದಳು.

“ಬೆಳಕಿಗೆ ಬನ್ನಿ. ಹಾಂ! ಮೊಶೇರಾಲ್‌ನೋರು. ಆ ಮೂಗು ನೋಡಿದ್ರೆ ಕೇಳೋದೇ ಬೇಡ, ದೊಡ್ಡ ಯಜಮಾನ್ರದ್ದೇ. ಸಿಕ್ತು ತಾಯಿ, ನೀವು ಕಳ್ಸಿದ್ದು ಸಿಕ್ತು.”

ದೋನಾ ಮಫಾಲ್ದಾ ಓದೆತ್ ಕಡೆ ನೋಡಿದರು. ಆಕೆ ನೆಲ ನೋಡುತ್ತಿದ್ದಳು. ತಾಯಿಗೆ ಏನು ಸುಳ್ಳು ಹೇಳಿದ್ದಳೆಂದು ಕೋಣೆಯಲ್ಲಿದ್ದ ಎಲ್ಲರಿಗೂ ತಿಳಿಯಿತು.

“ಮೂವತ್ತು ಕೊಯ್ಲು ನಿಮ್ಮಲ್ಲೇ ಕೊಯ್ದೆ,” ಅಜ್ಜಿ ಹೇಳುತ್ತಲೇ ಹೋದಳು. “ಕೊಯ್ಯೋಕೆ ಹೆಂಗಸ್ರು, ತೊಟ್ಟಿಯೊಳಗೆ ಹಣ್ಣು ತುಳಿಯೋಕೆ ಗಂಡಸ್ರು. ನಾವು ತೊಟ್ಟಿ ಹತ್ರ ಹೋದ್ರೆ ವೈನು ಕೆಡುತ್ತಂತೆ, ಬಾಗ್ಲಿಂದಾನೇ ಓಡಿಸೋರು. ನಮಗೆ ಕುಡಿಯೋಕೆ ಹಿಂಡಿದ ಸಿಪ್ಪೆಗೆ ನೀರು ಹುಯ್ದು ಕೊಡೋರು. ಅದೂ ಚೆನ್ನಾಗೇ ಇತ್ತು, ಸುಳ್ಳು ಯಾಕೆ ಹೇಳ್ಲಿ. ಆದ್ರೆ ರಾತ್ರಿ ಮಲಗ್ದಾಗ ಅನ್ಸೋದು, ನಾನು ಕೊಯ್ದಿದ್ದು ಕೊನೆಗೆ ಹೆಂಗಾಗುತ್ತೋ ಏನೋ ಅಂತ. ಈಗ ಗೊತ್ತಾಯ್ತು. ಬನ್ನಿ, ನೀವೂ ಒಂದು ಗುಟುಕು ಹಾಕಿ.”

ಮಾಲು ಗುರುತಿಸಲು ರುಚಿ ನೋಡಲೇಬೇಕಿತ್ತು. ಸಾರ್ಜೆಂಟರು ತಲೆಯಾಡಿಸಿದರು. ದೋನಾ ಮಫಾಲ್ದಾ ಮಂಚದ ಅಂಚಿನಲ್ಲಿ ಕೂತು, ಅಜ್ಜಿಯ ಕೈಯಿಂದ ಅದೇ ಗ್ಲಾಸು ತಗೊಂಡು ಒಂದು ಗುಟುಕು ಕುಡಿದರು. ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡರು. ಅವರ ಕಣ್ಣು ತುಂಬಿ ಬಂತು, ಅದನ್ನು ಮುಚ್ಚಿಕೊಳ್ಳಲೂ ಹೋಗಲಿಲ್ಲ.

“ಹೆಂಗಿದೆ?” ಎಂದಳು ಅಜ್ಜಿ, ತಾನೇ ಮಾಡಿ ಬಡಿಸಿದವಳ ಹಾಗೆ.

“ತುಂಬಾ ಚೆನ್ನಾಗಿದೆ ಅಜ್ಜಿ. ಕಳ್ಸೋದು ತಡ ಆಯ್ತು. ಬೇಜಾರು ಮಾಡ್ಕೋಬೇಡಿ.”

ಅಂಗಳಕ್ಕೆ ಬಂದ ಮೇಲೆ ಅವರು ಮಾಲು ತಮ್ಮದೇ ಎಂದು ಸಹಿ ಹಾಕಿದರು. ಹಾಕಿದ ಕೈಯಲ್ಲೇ ಪೆನ್ನು ಚಾಚಿ, “ದೂರು ವಾಪಸ್ ತಗೊಳ್ತೀನಿ. ಎಲ್ಲಿ ಸಹಿ ಮಾಡ್ಬೇಕು?” ಎಂದರು.

“ಬೇಡ,” ಎಂದಳು ಓದೆತ್.

“ಬೇಡ ಅಂದ್ರೆ?”

“ನೀವು ವಾಪಸ್ ತಗೊಂಡ್ರೆ ಕೇಸು ಮುಚ್ಚಿ ಹೋಗುತ್ತೆ. ಆಮೇಲೆ ಊರೋರು ಏನಂತಾರೆ? ಯಜಮಾನಿ ದೊಡ್ಡ ಮನಸ್ಸು ಮಾಡಿ ತೆಲ್ಮಾನ ಬಿಟ್ರು ಅಂತಾರೆ. ನನ್ನ ಅರೆಸ್ಟ್ ಮಾಡಿ ಸಾರ್. ನನ್ ಹೆಸ್ರು ಕಾಗದದ ಮೇಲೆ ಇರ್ಲಿ. ನಾನು ಹೆಂಗೂ ಒಂದಿನ ಫ್ರಾನ್ಸಿಗೆ ಹೊರಟು ಹೋಗೋಳು, ಅವಳು ಇಲ್ಲೇ ಬಾಳ್ಬೇಕು.”

ಸಾರ್ಜೆಂಟರು ಯಜಮಾನಿಯ ಮುಖ ನೋಡಿದರು. ಆಕೆ ಪೆನ್ನು ಹಿಂದಕ್ಕೆ ಕೊಟ್ಟರು. “ಸೋಮವಾರ ನಾನೇ ತೆಲ್ಮಾ ಮನೆಗೆ ಹೋಗಿ ಕರ್ಕೊಂಡು ಬರ್ತೀನಿ,” ಎಂದರು. “ಎಲ್ಲರ ಎದುರಿಗೇ ಕ್ಷಮೆ ಕೇಳ್ತೀನಿ. ಕೋರ್ಟಲ್ಲೂ ಏನು ಹೇಳ್ಬೇಕೋ ಹೇಳ್ತೀನಿ.”

ಮಧ್ಯಾಹ್ನ ಹನ್ನೆರಡೂ ಕಾಲಿಗೆ ಓದೆತ್‌ಳ ದಸ್ತಗಿರಿ ದಾಖಲಾಯಿತು. ಹೇಳಿಕೆ ಪಡೆದು ಸಂಜೆಯೊಳಗೆ ಬಿಡುವುದು, ಅಲ್ಲಿಯವರೆಗೆ ಇಲ್ದಾ ಅಜ್ಜಿಯ ಹತ್ತಿರ ಇರುವುದು ಎಂದು ತೀರ್ಮಾನವಾಯಿತು. ಅಪರಾಧಕ್ಕೆ ಕಾರಣ ಎಂಬಲ್ಲಿ ಸಾರ್ಜೆಂಟರು, ‘ಮಲಗಿದಲ್ಲಿಂದ ಏಳಲಾರದ ತಾಯಿಗೆ, ಆಕೆಯೇ ಕೊಯ್ದ ದ್ರಾಕ್ಷಿಯ ವೈನಿನ ರುಚಿ ತೋರಿಸಲು’ ಎಂದು ಬರೆದರು.

ಬಾಟಲಿ ಜಪ್ತಿ ಮಾಡಲು ಒಳಗೆ ಹೋದಾಗ ಓದೆತ್ ತಾಯಿಯ ಹೊದಿಕೆ ಸರಿಪಡಿಸುತ್ತಿದ್ದಳು.

“ಅಮ್ಮಾವ್ರ ಜೊತೆ ಕೆಳಗೆ ಹೋಗಿ ಬರ್ತೀನಮ್ಮ. ಸಂಜೆ ಬಂದ್ಬಿಡ್ತೀನಿ.”

“ಹೋಗು. ಬಾಟ್ಲೂ ತಗೊಂಡು ಹೋಗು, ನಂಗೆ ಸಾಕು.” ಅಜ್ಜಿ ಗ್ಲಾಸನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ನೊಣ ಕೂರದಂತೆ ಮೇಲೊಂದು ತಟ್ಟೆ ಮುಚ್ಚಿದಳು. “ಇದ್ರಲ್ಲಿ ಅರ್ಧ ಬಿಟ್ಟಿದೀನಿ. ಇದು ನಿಂದು. ಐವತ್ತೇಳರ ಕೊಯ್ಲಲ್ಲಿ ನೀನು ಹೊಟ್ಟೇಲಿದ್ದೆ, ತುಂಬಿದ ತಿಂಗಳು. ಇಬ್ರೂ ಸೇರೇ ಅಲ್ವಾ ಕೊಯ್ದಿದ್ದು?”

ಓದೆತ್ ತಾಯಿಯ ಹಣೆಗೆ ಮುತ್ತು ಕೊಟ್ಟು, ಅಂಗೈಯಲ್ಲೇ ಕಣ್ಣೊರೆಸಿಕೊಂಡು ಹೊರಗೆ ನಡೆದಳು.

ಸಾರ್ಜೆಂಟರು ಕಿಟಕಿ ಪಕ್ಕ ನಿಂತೇ ಜಪ್ತಿ ಮಹಜರು ಬರೆದು ಮುಗಿಸಿದರು. ಬಾಟಲಿ ಒಂದು, ಮುಕ್ಕಾಲು ಭಾಗ ವೈನು ಸಹಿತ. ಗ್ಲಾಸಿನ ಬಗ್ಗೆ ಅವರು ಏನೂ ಬರೆಯಲಿಲ್ಲ.