ಪಕ್ಕದ ಬಾಗಿಲ ಬಳಿಯ ಕುರ್ಚಿ

ಷಡ್ಡಕ ಎದ್ದು ನಿಂತು ಆ ಮಾತು ಆಡಿದಾಗ ಪೇಪರಣ್ಣ ತಲೆ ಬಗ್ಗಿಸಿಕೊಂಡು ಅದನ್ನೇ ಬರೆದುಕೊಳ್ಳುತ್ತಿದ್ದ. ಅರ್ಧ ವಾಕ್ಯ ಬರೆದ ಮೇಲಷ್ಟೇ ತಾನು ಬರೆಯುತ್ತಿರುವುದು ತನ್ನದೇ ಸಾವಿನ ಸುದ್ದಿ ಎಂದು ಅವನಿಗೆ ಹೊಳೆಯಿತು.

"ಇನ್ನು ಈ ಪೇಪರ್ ಯಾಕೆ ಹೇಳಿ? ಈಜುಕೊಳ ಯಾವಾಗ ತೆಗೀತಾರೆ, ಯಾರ ದನಕ್ಕೆ ಏನಾಯ್ತು, ಎಲ್ಲಾ ಫೋನಲ್ಲೇ ಬರುತ್ತೆ. ನಮ್ಮ ಪೇಪರಣ್ಣನಿಗೂ ವಯಸ್ಸಾಯ್ತು. ಸೈಕಲ್ ತುಳಿದು ತುಳಿದು ಮಂಡಿ ಸವೆದಿದೆ ಪಾಪ. ಇನ್ನಾದ್ರೂ ಸುಧಾರಿಸ್ಕೊಳ್ಲಿ."

ಊರಿನ ಸಂಘದ ಸಭೆ ನಕ್ಕಿತು. ಕುಹಕದ ನಗುವಾಗಿದ್ದರೆ ಅವನು ಸಹಿಸುತ್ತಿದ್ದನೇನೋ. ಅದು ಅಕ್ಕರೆಯ ನಗು, ಮುದಿ ನಾಯಿಯ ಬೆನ್ನು ಸವರುವಾಗ ಬರುವಂಥದ್ದು. ಬರುವ ತಿಂಗಳಿಂದ ಪತ್ರಿಕೆ ನಿಲ್ಲಿಸುವುದೆಂದು ಠರಾವಾಯಿತು. ಪೇಪರಣ್ಣ ಆ ಠರಾವನ್ನೂ ಬರೆದುಕೊಂಡ. ಅವನ ಅಕ್ಷರ ಎಂದಿನಂತೆ ದುಂಡಗಿತ್ತು.

ಅದು ನಾಲ್ಕು ಪುಟದ ವಾರಪತ್ರಿಕೆ. ಬರೆಯುವವನು, ಅಚ್ಚು ಹಾಕುವವನು, ಮನೆಮನೆಯ ಬಾಗಿಲಿಗೆ ಎಸೆಯುವವನು ಎಲ್ಲ ಅವನೊಬ್ಬನೇ. ಈಜುಕೊಳದ ನೀರು ಬದಲಾಯಿಸಿದ್ದು, ತೊರೆಯ ದಂಡೆಯಲ್ಲಿ ನಡೆದಾಡುವವರಿಗೆ ದಾರಿ ಮಾಡಿದ್ದು, ಜೋಳದ ಹೊಲಕ್ಕೆ ಹಂದಿ ನುಗ್ಗಿದ್ದು, ಸಂಗೀತ ಶಾಲೆಯ ಮಕ್ಕಳು ಬಹುಮಾನ ಗೆದ್ದದ್ದು: ಊರು ತನ್ನ ಮುಖ ನೋಡಿಕೊಂಡದ್ದೆಲ್ಲ ಅವನ ಕನ್ನಡಿಯಲ್ಲಿ. ಕನ್ನಡಿ ಹಿಡಿದವನ ಮುಖ ಮಾತ್ರ ಯಾರೂ ನೋಡಲಿಲ್ಲ. ರಂಗಮಂದಿರದ ಮಾಡು ಸೋರುತ್ತಿದೆ ಎಂದು ಅವನು ಬರೆದೂ ಬರೆದೂ ಸೋತ ಮೇಲೆ ಷಡ್ಡಕ ಒಂದು ದಿನ ಗಂಟಲು ಸರಿಮಾಡಿಕೊಂಡು, "ಮಾಡಿಗೆ ದುಡ್ಡು ಕೂಡಿಸೋಕೆ ಒಂದು ನಾಟಕ ಆಡಿಬಿಡೋಣ" ಎಂದ. ಊರು ಅವನನ್ನು ಹೊತ್ತು ಮೆರೆಸಿತು.

ಷಡ್ಡಕನೆಂದರೆ ಹೆಂಡತಿಯ ಅಕ್ಕನ ಗಂಡ. ದೊಡ್ಡ ಕೊಟ್ಟಿಗೆ, ದೊಡ್ಡ ದನಿ, ದೊಡ್ಡ ಕೈ. ಅವನು ಒಳಗೆ ಬಂದರೆ ಕೋಣೆ ತುಂಬಿಹೋಗಿ ಪೇಪರಣ್ಣ ಗೋಡೆಗೆ ಸರಿಯಬೇಕಾಗುತ್ತಿತ್ತು. ಹೆಂಡತಿ ದಿನಕ್ಕೊಮ್ಮೆಯಾದರೂ "ನಮ್ಮ ಭಾವ ಆಗಿದ್ರೆ" ಎಂದು ಮಾತು ಶುರುಮಾಡುತ್ತಿದ್ದಳು. ಆ ವಾಕ್ಯ ಹೇಗೆ ಮುಗಿಯುತ್ತದೆ ಎಂಬುದು ಮುಖ್ಯವಾಗಿರಲಿಲ್ಲ.

ಸಭೆಯಿಂದ ಮನೆಗೆ ಬರುವ ದಾರಿಯಲ್ಲಿ ಎದುರಾದ ನಾಲ್ಕಾರು ಜನ ಅವನನ್ನು ದಾಟಿ ಹೋದರು. ಯಾರೂ ಕಡೆಗಣಿಸಿದ್ದಲ್ಲ, ಸುಮ್ಮನೆ ಕಾಣಲಿಲ್ಲ ಅಷ್ಟೆ, ಬೀದಿಯ ಕಂಬ ಕಾಣದ ಹಾಗೆ. ಆಗಲೇ ಅವನಿಗೆ ಅನ್ನಿಸಿದ್ದು: ಯಾರ ಕಣ್ಣಿಗೂ ಬೀಳದ ಮನುಷ್ಯ ಏನು ಬೇಕಾದರೂ ಮಾಡಬಹುದು. ಇಷ್ಟು ವರ್ಷ ಎದೆಯಲ್ಲಿ ಕಲ್ಲಾಗಿ ಕೂತಿದ್ದದ್ದು ಕೈಗೆ ಬಂದು ಆಯುಧವಾದಂತೆ ಹಗುರವಾಯಿತು.

ಉಳಿದದ್ದನ್ನು ಕಾಲುಬಾಯಿ ಜ್ವರ ಒದಗಿಸಿಕೊಟ್ಟಿತು. ನಾಟಕಕ್ಕೆ ಇನ್ನೇನು ವಾರವಿದೆ ಎನ್ನುವಾಗ ಷಡ್ಡಕನ ಕೊಟ್ಟಿಗೆಯಲ್ಲಿ ರೋಗ ಕಾಣಿಸಿಕೊಂಡಿತು. ಅಲ್ಲಿಗೆ ಯಾರೂ ಹೋಗಬಾರದು, ಅಲ್ಲಿಂದ ಯಾರೂ ಹೊರಗೆ ಬರಬಾರದು ಎಂದು ದನದ ಡಾಕ್ಟರು ಅಪ್ಪಣೆ ಮಾಡಿದರು. ಪೇಪರಣ್ಣ ಅದನ್ನು ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಹಾಕಿದ. ಹಾಲು ಕರೆಯುವವರನ್ನು ಮನೆಗೆ ಕಳಿಸಲಾಯಿತು. ನಾಟಕದಲ್ಲಿ ಹಾಡಬೇಕಿದ್ದ ಷಡ್ಡಕನ ಹೆಂಡತಿ ಮೊದಲೇ ಬಟ್ಟೆಬರೆ ಕಟ್ಟಿಕೊಂಡು ತಂಗಿಯ ಮನೆಗೆ, ಎಂದರೆ ಪೇಪರಣ್ಣನ ಮನೆಗೇ ಬಂದು ಉಳಿದಳು. ಹೀಗೆ ನಾಟಕದ ದಿನ ಮಧ್ಯಾಹ್ನ ಇಡೀ ಊರು ರಂಗಮಂದಿರದಲ್ಲಿರುತ್ತದೆ. ಷಡ್ಡಕ ದನಗಳ ಜೊತೆ ಒಂಟಿಯಾಗಿರುತ್ತಾನೆ. ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ತನ್ನ ಕೈಗೇ ಕೊಟ್ಟಂತಾಯಿತು ಎಂದು ಪೇಪರಣ್ಣ ಒಳಗೇ ನಕ್ಕ.

ಹೇಗೆ ಎನ್ನುವುದು ಅವನಿಗೆ ಬಹಳ ಹಿಂದೆಯೇ ಗೊತ್ತಿತ್ತು. ಕೊಟ್ಟಿಗೆಯ ಹಿಂದೆ ನೆಲದಡಿಯಲ್ಲಿ ಸಗಣಿ ಗಂಜಲ ಹರಿದು ಸೇರುವ ಸಿಮೆಂಟಿನ ತೊಟ್ಟಿ ಇರುತ್ತದೆ. ಮೇಲೆ ಕಬ್ಬಿಣದ ಮುಚ್ಚಳ, ಒಳಗೆ ಇಳಿಯಲು ಏಣಿ, ಗಟ್ಟಿಯಾದದ್ದನ್ನು ಕಲಕಲು ಒಂದು ಮೋಟಾರು. ಕಲಕಿದಾಗ ಏಳುವ ಗಾಳಿಯನ್ನು ನಾಲ್ಕು ಸಲ ಉಸಿರಾಡಿದರೆ ಸಾಕು, ಐದನೆಯದು ಇರುವುದಿಲ್ಲ. ಬೇರೊಂದು ಊರಿನಲ್ಲಿ ಒಬ್ಬ ತಂದೆ ಹಾಗೆ ಬಿದ್ದಿದ್ದ, ಅವನನ್ನು ಎತ್ತಲು ಇಳಿದ ಮಗನೂ ಬಿದ್ದಿದ್ದ. ಆ ಸುದ್ದಿಯನ್ನು ಪೇಪರಣ್ಣ ಕಪ್ಪು ಚೌಕಟ್ಟು ಹಾಕಿ ಅಚ್ಚು ಮಾಡಿದ್ದ. ಆಗ ಅವನ ಮನಸ್ಸಿಗೆ ನಾಟಿದ್ದು ಒಂದೇ: ಯಾರೂ ಯಾರನ್ನೂ ತಳ್ಳಿರಲಿಲ್ಲ. ಪ್ರೀತಿಯೇ ಏಣಿ ಇಳಿಸಿತ್ತು.

ಷಡ್ಡಕನಿಗೆ ಮಕ್ಕಳಿರಲಿಲ್ಲ. ಕರುಗಳನ್ನು ಅವನು ಹೆಸರು ಹಿಡಿದು ಕರೆಯುತ್ತಿದ್ದ.

ನಾಟಕದ ಕೊನೆಯ ತಾಲೀಮಿಗೆ ಪೇಪರಣ್ಣ ಫೋಟೋ ತೆಗೆಯುವ ನೆವದಲ್ಲಿ ಹೋಗಿ ಆದಿಯಿಂದ ಅಂತ್ಯದವರೆಗೆ ಕುಳಿತ. ಊರಿನ ತೊರೆಯನ್ನು ತನ್ನ ತೋಟಕ್ಕೆ ತಿರುಗಿಸಿಕೊಳ್ಳುವ ರಾಜನ ಕತೆ. ಯಾರು ಎಲ್ಲಿ ತಡವರಿಸುತ್ತಾರೆ, ರಾಣಿಯ ಕಿರೀಟ ಯಾವಾಗ ಜಾರುತ್ತದೆ, ಎರಡನೆಯ ಭಾಗದಲ್ಲಿ ಡಂಗುರದವನು ಬಂದು ಏನು ಸಾರುತ್ತಾನೆ, ಎಲ್ಲ ಮನಸ್ಸಿನಲ್ಲಿ ಇಳಿಸಿಕೊಂಡ. ಅವನು ಎಂದೂ ಕೂರುವ ಜಾಗ ಪಕ್ಕದ ಬಾಗಿಲ ಬಳಿಯ ಒಂಟಿ ಕುರ್ಚಿ. ಆ ಬಾಗಿಲು ತೆರೆದರೆ ಹಿತ್ತಲು. ಹಿತ್ತಲು ದಾಟಿದರೆ ತೊರೆಯ ದಂಡೆಯ ದಾರಿ. ಅದರ ಆಚೆ ಜೋಳದ ಹೊಲ, ಹೊಲದ ತುದಿಗೆ ಷಡ್ಡಕನ ಕೊಟ್ಟಿಗೆ. ಆ ದಾರಿಯ ಉದ್ಘಾಟನೆಯನ್ನು ಬರೆದವನೂ ಅವನೇ. ಅದರಿಂದ ಊರಿಗೆ ಬಹಳ ಅನುಕೂಲವಾಗಲಿದೆ ಎಂದು ಬರೆದಿದ್ದ.

ನಾಟಕದ ದಿನ ಮಂದಿರ ಕಿಕ್ಕಿರಿದಿತ್ತು. ಮಧ್ಯಂತರದಲ್ಲಿ ಪೇಪರಣ್ಣ ಎದ್ದು ಎಲ್ಲರ ನಡುವೆ ಓಡಾಡಿದ, ಔಷಧಿ ಅಂಗಡಿಯವನ ಜೊತೆ ರಾಜನ ಅಂಟುಮೀಸೆಯ ಬಗ್ಗೆ ತಮಾಷೆ ಮಾಡಿದ, ಸಂಗೀತದ ಟೀಚರ್ ಹತ್ತಿರ ಹೋಗಿ "ಚೆನ್ನಾಗಿ ಬರ್ತಿದೆ" ಎಂದ. ಟೀಚರ್ ಯಾಕೋ ಅವನನ್ನು ನೋಡಿ ತುಟಿ ಕಚ್ಚಿಕೊಂಡು ನಕ್ಕಳು. ದೀಪ ಆರಿತು, ಪರದೆ ಎದ್ದಿತು. ರಾಜ ಬಾಯಿ ತೆರೆಯುವಷ್ಟರಲ್ಲಿ ಕುರ್ಚಿ ಖಾಲಿಯಾಗಿತ್ತು.

ಜೋಳ ಆಳೆತ್ತರ ಬೆಳೆದಿತ್ತು. ಅದರೊಳಗೆ ಅವನು ನೀರಿನಲ್ಲಿ ಮೀನು ಹೋದಂತೆ ಹೋದ. ಕೊಟ್ಟಿಗೆಯ ಹಿಂದೆ ಯಾರೂ ಇರಲಿಲ್ಲ. ಮುಂದುಗಡೆಯಿಂದ ಹಾಲಿನ ಡಬ್ಬಗಳ ಸದ್ದು ಬರುತ್ತಿತ್ತು. ಕೈಗವಸು ಹಾಕಿಕೊಂಡು, ಗೋಡೆಯ ಗುಂಡಿ ಒತ್ತಿ ಮೋಟಾರು ಹಚ್ಚಿ, ಮುಚ್ಚಳ ಸರಿಸಿದ. ಬೇರೆ ಕಟ್ಟಿದ್ದ ಕರುಗಳಲ್ಲಿ ಒಂದು ಬಿಳಿ ಕರು ಒಣಹುಲ್ಲಿನ ಮೇಲೆ ಮಲಗಿತ್ತು. ಅದನ್ನೇ ಎತ್ತಿಕೊಂಡ. ಅದು ಕೊಸರಾಡಲೂ ಇಲ್ಲ, ಅವನ ತೋಳಿನ ಮೇಲೆ ಗದ್ದ ಊರಿ ಸುಮ್ಮನೆ ಬಂತು. ಎಷ್ಟು ಸಾಧು ಪ್ರಾಣಿ ಎಂದುಕೊಂಡ. ತೊಟ್ಟಿಯ ಬಾಯಿಯಿಂದ ಅದನ್ನು ಕೆಳಗೆ ಬಿಟ್ಟು, ಮೋಟಾರು ನಿಲ್ಲಿಸಿ, ದನಿಗೆ ಬೇಕಾದಷ್ಟು ಗಾಬರಿ ತುಂಬಿಕೊಂಡು ಕೂಗಿದ.

"ಕರು ಬಿತ್ತು! ಬೇಗ ಬಾ, ಕರು ಬಿತ್ತು!"

ಷಡ್ಡಕ ಓಡಿ ಬಂದ. ತೊಟ್ಟಿಯೊಳಗೆ ಇಣುಕಿದವನ ಮುಖ ಬಿಳಿಚಿಕೊಂಡಿತು. ಆಮೇಲೆ ತಲೆಯೆತ್ತಿ ಪೇಪರಣ್ಣನನ್ನು ನೋಡಿ ಇನ್ನೂ ಗಾಬರಿಯಾದ.

"ನೀನ್ಯಾಕೆ ಇಲ್ಲಿದೀಯ? ನಾಟಕ ಬಿಟ್ಟು ಬಂದ್ಯಾ? ಹೋಗು, ನೀನು ಅಲ್ಲಿರ್ಬೇಕು ಈಗ."

ಸಾಯುವ ಗಳಿಗೆಯಲ್ಲೂ ಅಪ್ಪಣೆ ಕೊಡುತ್ತಾನೆ ಎಂದುಕೊಂಡ ಪೇಪರಣ್ಣ. "ನಿನ್ನೊಬ್ಬನ್ನೇ ಬಿಟ್ಟು ಹೇಗೆ ಕೂತ್ಕೊಳ್ಲಿ, ಮಾತಾಡಿಸ್ಕೊಂಡು ಹೋಗೋಣ ಅಂತ ಬಂದೆ. ಅದಿರ್ಲಿ, ಕರು ನೋಡು. ಇನ್ನೂ ಉಸಿರಾಡ್ತಿದೆ."

ಕರು ಒಮ್ಮೆ ಕೆಮ್ಮಿತು. ಷಡ್ಡಕ ಗೋಡೆಯಲ್ಲಿದ್ದ ಹಗ್ಗ ಎಳೆದು ಸೊಂಟಕ್ಕೆ ಸುತ್ತಿಕೊಂಡ. ಇನ್ನೊಂದು ತುದಿಯನ್ನು ಪೇಪರಣ್ಣನ ಕೈಯಲ್ಲಿಟ್ಟ.

"ಗಟ್ಟಿಯಾಗಿ ಹಿಡ್ಕೊ. ನಾನು ತಲೆ ವಾಲಿಸಿದ್ರೆ ಎಳೆದುಬಿಡು. ನೀನಿರೋದು ಒಳ್ಳೇದೇ ಆಯ್ತು ನೋಡು, ಒಬ್ಬನೇ ಆಗಿದ್ರೆ ಇಳೀತಿರ್ಲಿಲ್ಲ."

"ಇಳಿ, ಹಿಡ್ಕೊಂಡಿದೀನಿ," ಎಂದ ಪೇಪರಣ್ಣ.

ಅವನು ನಿಜವಾಗಿಯೂ ಹಿಡಿದುಕೊಂಡಿದ್ದ. ಷಡ್ಡಕನ ತಲೆ ವಾಲಿದ್ದನ್ನು, ಕೈ ಏಣಿಯ ಮೆಟ್ಟಿಲನ್ನು ಹುಡುಕಿದ್ದನ್ನು, ಬಾಯಿ ತೆರೆದು ಮುಚ್ಚಿದ್ದನ್ನು ಮೂಗಿಗೆ ಕರವಸ್ತ್ರ ಒತ್ತಿಕೊಂಡು ನೋಡಿದ. ಸುದ್ದಿಗಾರನ ಕಣ್ಣು, ಯಾವುದನ್ನೂ ಬಿಡಲಿಲ್ಲ. ಎಳೆಯಲಿಲ್ಲ, ಬಿಡಲೂ ಇಲ್ಲ. ಹಗ್ಗ ಭಾರವಾದ ಮೇಲೆ ಅದರ ತುದಿಯನ್ನು ಕಂಬಕ್ಕೆ ಕಟ್ಟಿದ. ಒಬ್ಬಂಟಿ ಮನುಷ್ಯ ತಾನೇ ಕಟ್ಟಿಕೊಂಡು ಇಳಿದ ಹಾಗೆ ಕಾಣುತ್ತಿತ್ತು. ಕರು ಯಾವಾಗಲೋ ಸುಮ್ಮನಾಗಿತ್ತು.

ಅವನು ಕುರ್ಚಿಗೆ ಮರಳಿದಾಗ ವೇದಿಕೆಯ ಮೇಲೆ ತೊರೆ ಊರಿಗೆ ವಾಪಸು ಬರುತ್ತಿತ್ತು. ಬಾಗಿಲ ಬೆಳಕಿಗೆ ಹಿಂದಿನ ಸಾಲಿನ ಎರಡು ಮೂರು ತಲೆ ಅವನ ಕಡೆ ತಿರುಗಿ ಮುಗುಳ್ನಕ್ಕವು. ಅವನೂ ನಕ್ಕ. ಪರದೆ ಬಿತ್ತು, ಚಪ್ಪಾಳೆ ಇನ್ನೂ ನಿಂತಿರಲಿಲ್ಲ, ದನದ ಡಾಕ್ಟರಿಂದ ಫೋನು ಬಂತು. ಔಷಧಿ ಕೊಡಲು ಹೋದವರು ತೊಟ್ಟಿಯ ಬಾಯಿ ತೆರೆದಿದ್ದನ್ನು ನೋಡಿದ್ದರು. ರಾಣಿಯ ಸಖಿಯ ವೇಷದಲ್ಲಿದ್ದ ಷಡ್ಡಕನ ಹೆಂಡತಿ ಅಲ್ಲೇ ಕುಸಿದಳು. ಊರಿಗೆ ಊರೇ ಕೊಟ್ಟಿಗೆಯ ಕಡೆ ಓಡಿತು.

ಆ ವಾರದ ಪತ್ರಿಕೆ ಅವನು ಬರೆದದ್ದರಲ್ಲೆಲ್ಲ ಶ್ರೇಷ್ಠವಾದದ್ದು. ಷಡ್ಡಕನ ನಗುವ ಫೋಟೋವನ್ನು ಅವನ ಹೆಂಡತಿಯಿಂದಲೇ ಕೇಳಿ ಪಡೆದ. ಕೊಡುವಾಗ ಅವಳು, "ನಿಮ್ಮ ಬಗ್ಗೆ ಅವರಿಗೆ ಎಷ್ಟು ಅಭಿಮಾನ ಇತ್ತು ಗೊತ್ತಾ," ಎಂದು ಬಿಕ್ಕಿದಳು. "ಗೊತ್ತು ಅತ್ತಿಗೆ," ಎಂದ ಅವನು. ಕರುವಿಗಾಗಿ ಪ್ರಾಣ ಕೊಟ್ಟ ಕರುಣಾಳು ಎಂಬ ಶೀರ್ಷಿಕೆ ಓದಿ ಊರು ಅತ್ತಿತು. ಪತ್ರಿಕೆ ನಿಲ್ಲಿಸಬಾರದು ಎಂದು ಕೆಲವರು ಮಾತಾಡಿಕೊಂಡದ್ದೂ ಅವನ ಕಿವಿಗೆ ಬಿತ್ತು. ಅದು ಅವನು ನಿರೀಕ್ಷಿಸಿರದ ಲಾಭ.

ಪತ್ರಿಕೆ ಹಂಚಿ ಬಂದ ದಿನವೇ ಇನ್ಸ್‌ಪೆಕ್ಟರ್ ಮನೆಗೆ ಬಂದ. ಸಣ್ಣ ಮಾತಿನ, ದಣಿದ ಮುಖದ ಮನುಷ್ಯ. ಹೆಂಡತಿ ನೀರು ತಂದಿಟ್ಟು ಬಾಗಿಲಿಗೆ ಒರಗಿ ನಿಂತಳು.

"ಒಂದು ಸಣ್ಣ ತೊಡಕು," ಎಂದ ಇನ್ಸ್‌ಪೆಕ್ಟರ್. "ಆ ಕರುವಿಗೆ ಗೊರಸೆಲ್ಲ ಹುಣ್ಣಾಗಿ ಎದ್ದು ನಿಲ್ಲಕ್ಕೂ ಆಗ್ತಿರ್ಲಿಲ್ಲವಂತೆ. ಡಾಕ್ಟರು ಬೆಳಿಗ್ಗೆ ನೋಡಿದ್ರು. ಅದು ನಡ್ಕೊಂಡು ಹೋಗಿ ಬಿದ್ದಿರಲ್ಲ. ಯಾರೋ ಎತ್ಕೊಂಡು ಹೋಗಿದಾರೆ. ನಿಮ್ಮ ಷಡ್ಡಕರೇ ಹಾಕಿ ತಾವೇ ಇಳಿಯೋಕೆ ಅವರಿಗೇನು ಹುಚ್ಚಾ?"

ಪೇಪರಣ್ಣನಿಗೆ ತೋಳಿನ ಮೇಲೆ ಕರುವಿನ ಗದ್ದದ ಬಿಸುಪು ನೆನಪಾಯಿತು. ಆದರೂ ಅವನು ಕದಲಲಿಲ್ಲ. ಎತ್ತಿದ್ದು ಯಾರು ಎಂದು ಕರು ಹೇಳುವುದಿಲ್ಲ.

"ಊರೆಲ್ಲ ನಾಟಕದಲ್ಲಿತ್ತಲ್ಲ ಸಾರ್."

"ಹೂಂ. ಅದಕ್ಕೇ ಎಲ್ಲರನ್ನೂ ಕೇಳ್ತಿದೀವಿ. ನೀವು?"

"ನಾನು ಎದ್ದೇ ಇಲ್ಲ. ವರದಿ ಬರೀಬೇಕಲ್ಲ, ಹೇಗೆ ಏಳ್ಲಿ?" ಪೇಪರಣ್ಣ ಆರಾಮಾಗಿ ಕಾಲು ಚಾಚಿದ. "ಎರಡನೇ ಭಾಗವೇ ನೋಡಿ ಜೀವ. ರಾಣಿ ಕಿರೀಟ ಜಾರಿದ್ದು, ಜನ ನಕ್ಕಿದ್ದು. ಆಮೇಲೆ ಡಂಗುರದವನು ಬಂದು, ಇವತ್ತಿಂದ ತೊರೆ ನೀರು ಯಾರೂ ಮುಟ್ಟಬಾರ್ದು ಅಂತ ರಾಜನ ಆಜ್ಞೆ ಸಾರ್ತಾನಲ್ಲ, ಎಂಥಾ ಕಂಠ ಅವನದು. ಮೈ ಜುಂ ಅಂತು. ಬರೆದಿದೀನಿ ನೋಡಿ, ಎರಡನೇ ಪುಟ."

ಇನ್ಸ್‌ಪೆಕ್ಟರ್ ಪತ್ರಿಕೆಯನ್ನು ಮುಟ್ಟಲಿಲ್ಲ. ಬಾಗಿಲ ಕಡೆ ನೋಡಿದ.

ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. "ಅವನು ಆಜ್ಞೆ ಸಾರಲೇ ಇಲ್ಲ ಕಣ್ರೀ," ಎಂದಳು, ಮಗುವಿಗೆ ತಿಳಿಹೇಳುವವಳ ಹಾಗೆ ಮೆಲ್ಲಗೆ. "ಅವತ್ತು ಡಂಗುರ ಹೊಡೆದು ನಿಮ್ಮನ್ನ ಕರೆದ. ಇಷ್ಟು ವರ್ಷ ಊರಿನ ಸುದ್ದಿ ಹೊತ್ತವರಿಗೆ ಸನ್ಮಾನ ಮಾಡ್ಬೇಕು ಅಂತ ಎಲ್ಲಾ ಭಾವನದ್ದೇ ಏರ್ಪಾಡು. ನಿಮಗೆ ಗೊತ್ತಾಗಬಾರ್ದು ಅಂತ ನನ್ನಿಂದ, ಟೀಚರಿಂದ ಮಾತು ತಗೊಂಡಿದ್ರು. ಬರೋಕೆ ಬಿಡಲ್ಲ ಅಂತ ತಮ್ಮ ಮಾತನ್ನ ಹಿಂದಿನ ದಿನವೇ ಫೋನಲ್ಲಿ ರೆಕಾರ್ಡ್ ಮಾಡಿ ಕಳಿಸಿದ್ರು, ಅದನ್ನ ಮೈಕಲ್ಲಿ ಹಾಕಿದ್ರು. ನೀವು ಹೊರಗೆಲ್ಲೋ ಹೋಗಿರ್ಬೇಕು, ಕೊನೇಲಿ ಕರೆಯೋಣ ಅಂದ್ಕೊಂಡ್ವಿ. ಅಷ್ಟರಲ್ಲಿ ಆ ಫೋನ್ ಬಂತು." ಅವಳು ಗಂಡನ ಮುಖ ನೋಡಿದಳು, ಮತ್ತೆ ಅವನ ಕೈಗಳನ್ನು ನೋಡಿದಳು. ಮಂದಿರದ ದೊಡ್ಡ ದೀಪವನ್ನು ಪಕ್ಕದ ಬಾಗಿಲ ಬಳಿಯ ಕುರ್ಚಿಯ ಮೇಲೆ ತಿರುಗಿಸಿದ್ದರು. ಊರಿನ ಹಿರಿಯರು ಕಿರಿಯರೆಲ್ಲ ಎದ್ದು ನಿಂತು ಆ ಕಡೆ ಹೊರಳಿ ಚಪ್ಪಾಳೆ ತಟ್ಟಿದ್ದರು. "ನಾಚ್ಕೋಬೇಡ ಮಾರಾಯ, ಎದ್ದು ನಿಲ್ಲು, ಒಂದ್ಸಲ ಎಲ್ಲರೂ ನಿನ್ನನ್ನ ಕಣ್ತುಂಬ ನೋಡ್ಲಿ," ಎಂದು ಷಡ್ಡಕನ ದೊಡ್ಡ ದನಿ ಮೈಕಿನಲ್ಲಿ ಮತ್ತೆ ಮತ್ತೆ ಕರೆದಿತ್ತು. ಅವನ ಮಾತು ಮುಗಿಯುವವರೆಗೂ ಆ ಖಾಲಿ ಕುರ್ಚಿಯಿಂದ ಯಾರೊಬ್ಬರೂ ಕಣ್ಣು ತೆಗೆದಿರಲಿಲ್ಲ.